ಶಾಲೆ ಬಿಟ್ಟ ಕಾರಣ

ಅಣ್ಣನ ಮೊಮ್ಮಗಳು ಧಾರವಾಡದಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಕಳೆದ ಬೇಸಿಗೆ ರಜೆಗೆ ಊರಿಗೆ ಬಂದವಳು ನನ್ನೆದುರು ಮೊಬೈಲ್ ಇಟ್ಟು, 'ಸಣ್ಣಜ್ಜ, ನಿಮ್ಮ ಜೀವನಾನ ಒಂದು ಪುಸ್ತಕ ಅಂತ ತಿಳ್ಕೊಂಡು ಅಧ್ಯಾಯ ಮಾಡಿ ಹೇಳ್ರಿ' ಅಂದಳು. ಅಮೆರಿಕದ ಡ್ಯಾನ್ ಮ್ಯಾಕ್ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಜನರ ಬದುಕಿನ ಕಥೆ ಕೇಳುವುದನ್ನು ಹೀಗೆಯೇ ಶುರು ಮಾಡುತ್ತಾರಂತೆ. ಆಕೆಯ ಪ್ರಾಜೆಕ್ಟಿಗೆ ಒಬ್ಬ ಹಿರಿಯರು ಬೇಕಿತ್ತು. ನಿವೃತ್ತ ಮಾಸ್ತರನಿಗೆ ಮಾತಾಡಲು ಯಾರಾದರೂ ಬೇಕೇ ಇರುತ್ತಾರೆ.

ನನಗೆ ಅಧ್ಯಾಯಗಳು ಸಿದ್ಧವಾಗಿದ್ದವು. ಹಾನಗಲ್ ತಾಲ್ಲೂಕಿನ ಹಳ್ಳಿಯಲ್ಲಿ ಬಾಲ್ಯ. ಶಿಗ್ಗಾಂವಿಯ ಕಡೆ ಹೈಸ್ಕೂಲು. ಸವಣೂರು ತಾಲ್ಲೂಕಿನಲ್ಲಿ ಮೊದಲ ನೌಕರಿ. ಹಿರೇಕೆರೂರಿನಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತಿ. ಚಿಮಣಿ ಎಣ್ಣೆಯ ಬುಡ್ಡಿ, ಮಳೆಗಾಲದಲ್ಲಿ ತಲೆ ಮೇಲೆ ಪಾಟಿಚೀಲ ಹೊತ್ತು ದಾಟಿದ ಹಳ್ಳ, ಬೋರ್ಡಿಂಗಿನ ತಿಳಿಸಾರು, ಯಾವುದನ್ನೂ ಬಿಡಲಿಲ್ಲ. ನಲವತ್ತು ನಿಮಿಷ ಹೇಳಿದೆ. ಆಕೆ ಬರೆದುಕೊಳ್ಳುತ್ತಿದ್ದ ಹಾಳೆಯನ್ನೊಮ್ಮೆ ನೋಡಿ, ಆರೋಪದ ದನಿ ಇಲ್ಲದೆ, ಲೆಕ್ಕ ತಾಳೆ ನೋಡುವವರ ಹಾಗೆ ಕೇಳಿದಳು: 'ಇದರಾಗ ನಮ್ಮಜ್ಜ ಯಾವ ಅಧ್ಯಾಯದಾಗ ಬರ್ತಾನ?'

ಕರೆಂಟು ಹೋಗಿದೆಯೇನೋ ಎಂಬಂತೆ ನಾನು ಫ್ಯಾನಿನ ಕಡೆ ನೋಡಿದೆ. ಫ್ಯಾನು ತಿರುಗುತ್ತಲೇ ಇತ್ತು.

ನನ್ನ ಹುಟ್ಟಿದ ದಿನ 1 ಜೂನ್ 1953. ಇದು ನನ್ನ ತಾಯಿ ಹೇಳಿದ್ದಲ್ಲ. ಆಕೆಗೆ ಗೊತ್ತಿದ್ದುದು ಕಾರಹುಣ್ಣಿವೆ ಎದುರಿಗೆ, ಎತ್ತಿನ ಕೋಡಿಗೆ ಬಣ್ಣ ತರಲು ಅಪ್ಪ ಸಂತೆಗೆ ಹೋದಾಗ ಎಂದಷ್ಟೇ. ಜೂನ್ ಒಂದು ಎಂದು ಬರೆದವರು ಶಾಲೆಯ ಮಾಸ್ತರರು. ನಮ್ಮ ಓರಗೆಯ ಅರ್ಧ ಊರು ಅದೇ ದಿನ ಹುಟ್ಟಿದೆ. ಮುಂದೆ ನಾನೂ ಎಷ್ಟೋ ಮಕ್ಕಳನ್ನು ಜೂನ್ ಒಂದಕ್ಕೆ ಹುಟ್ಟಿಸಿದ್ದೇನೆ. ಹುಟ್ಟಿದಾಗ ನಾನು ಮುಂಬೈ ರಾಜ್ಯದವನು, 1956ರಲ್ಲಿ ಮೈಸೂರು ರಾಜ್ಯದವನಾದೆ, 1973ರಲ್ಲಿ ಕರ್ನಾಟಕದವನಾದೆ, 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಹಾವೇರಿ ಜಿಲ್ಲೆಯವನಾದೆ. ಮನೆ ಮಾತ್ರ ಅಲ್ಲೇ ಇದೆ, ಹಂಚು ಕೂಡ ಬದಲಾಗಿಲ್ಲ.

ಮನೆಯಲ್ಲಿ ನನಗೆ ಹೆಸರಿರಲಿಲ್ಲ. ಅಂದರೆ ಇತ್ತು, ಯಾರೂ ಕರೆಯುತ್ತಿರಲಿಲ್ಲ. ಅಣ್ಣ ದೊಡ್ಡಾಂವ, ನಾನು ಸಣ್ಣಾಂವ. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಮಗುವಿಗೆ ತಿಳಿಯುವುದು ಒಂದೂವರೆ ವರ್ಷದಿಂದ ಎರಡರೊಳಗಂತೆ, ಹುಡುಗಿ ಹೇಳಿದಳು. ಕನ್ನಡಿಯ ನೆನಪು ನನಗಿಲ್ಲ. ನನ್ನ ಮೊದಲ ನೆನಪು ಅಣ್ಣನ ಬೆನ್ನು. ಗದ್ದೆಯ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಅವನ ಅಂಗಿಯ ಹರಿದ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಮರುವರ್ಷ ಆ ಅಂಗಿ ನನಗೇ ಬಂತು.

ಇನ್ನು ಆ ರಾತ್ರಿ. ಇದನ್ನು ನಾನು ನನ್ನ ಹೆಂಡತಿಗೂ ಹೇಳಿದವನಲ್ಲ.

1964ರ ಜೂನ್. ನಮ್ಮ ಸೀಮೆಯಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುತ್ತಾರೆ. ಮಳೆ ಹದ ಕೊಟ್ಟಾಗ ಕೈ ಬೇಕು, ಒಂದು ವಾರ ತಪ್ಪಿದರೆ ವರ್ಷವೇ ತಪ್ಪಿದಂತೆ. ಅಪ್ಪನ ಕಾಲಿಗೆ ಪೆಟ್ಟಾಗಿ ಆತ ಕಟ್ಟೆ ಹಿಡಿದು ಕುಳಿತಿದ್ದ. ಅಣ್ಣನಿಗೆ ಹದಿನಾಲ್ಕು, ಮುಲ್ಕಿ ಪಾಸಾಗಿ ಎಂಟನೇ ಇಯತ್ತೆಗೆ ಹೆಸರು ಹಚ್ಚಿ ಮೂರು ವಾರ ಆಗಿತ್ತು. ನಾನು ನಾಲ್ಕನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದೆ, ದನ ಕಾಯಲು ಹೋಗುವುದು ಹೆಚ್ಚೂಕಡಿಮೆ ನಿಕ್ಕಿಯಾಗಿತ್ತು. ಅಂದು ರಾತ್ರಿ ಪಡಸಾಲೆಯಲ್ಲಿ ಅಪ್ಪ ಹೇಳಿದ: ದೊಡ್ಡಾಂವ ಓದಲಿ, ಸಣ್ಣಾಂವ ಎತ್ತಿನ ಹಿಂದೆ ಬರಲಿ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬ್ಯಾಡ, ಅಂವ ಶಾಣ್ಯಾ ಅದಾನ, ಅಂವ ಹೋಗ್ಲಿ. ನಾ ಬರ್ತೀನಿ' ಅಂದ.

ನಾನು ಕಂಬಳಿಯೊಳಗೆ ಎಚ್ಚರವಾಗಿದ್ದೆ. ಶಾಣ್ಯಾ ಯಾರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು: ನನ್ನ ಲೆಕ್ಕಗಳನ್ನೆಲ್ಲ ಬಿಡಿಸಿಕೊಡುತ್ತಿದ್ದವನು ಅವನು. ಎದ್ದು ಕೂತು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಎಲ್ಲಿ ಮನಸ್ಸು ಬದಲಿಸಿಬಿಡುತ್ತಾನೋ ಎಂಬ ಭಯಕ್ಕೆ ಉಸಿರನ್ನು ನಿದ್ದೆಯವರ ಉಸಿರಿನ ಹಾಗೆ ಮಾಡಿಕೊಂಡು ಮಲಗಿದೆ. ಹನ್ನೊಂದು ವರ್ಷದ ಹುಡುಗನಿಗೆ ಅಷ್ಟು ನಟನೆ ಎಲ್ಲಿಂದ ಬಂತೋ. ಮ್ಯಾಕ್ಆಡಮ್ಸ್ ಪ್ರಕಾರ ಮಗು ಮೊದಲು ನಟ, ಎದುರಿಗಿರುವವರಿಗೆ ತಕ್ಕಂತೆ ಆಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ತನಗೇನು ಬೇಕೆಂದು ಗುರಿ ಇಟ್ಟು ನಡೆಯಲು ಕಲಿಯುತ್ತದೆ. ಹದಿಹರೆಯ ದಾಟುವಾಗ ತನ್ನ ಕಥೆಯನ್ನು ತಾನೇ ಬರೆಯುವ ಲೇಖಕನೂ ಆಗುತ್ತದೆ. ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ, ಹಳೆಯದು ಹೋಗುವುದಿಲ್ಲವಂತೆ. ನನ್ನ ಮಟ್ಟಿಗೆ ನಟ ಮತ್ತು ಗುರಿ ಇಟ್ಟವನು ಆ ರಾತ್ರಿ ಒಂದೇ ಕಂಬಳಿಯಲ್ಲಿದ್ದರು. ಲೇಖಕ ಶಿಗ್ಗಾಂವಿಯಲ್ಲಿ ಬಂದ.

ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ನಾನು ಭಾಷಣ ಸ್ಪರ್ಧೆಯ ಹುಡುಗ. ವಿಷಯಕ್ಕೆ ಬರವಿರಲಿಲ್ಲ. ಬಾಡ ಅದೇ ತಾಲ್ಲೂಕು, ಅಲ್ಲಿಯ ತಿಮ್ಮಪ್ಪ ನಾಯಕ ಕನಕದಾಸರಾದ ಕಥೆ. ಶಿಶುನಾಳವೂ ಅದೇ ತಾಲ್ಲೂಕು, ಮುಸ್ಲಿಂ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರ ಶಿಷ್ಯರಾದ ಷರೀಫರ ಕಥೆ. ಇಂಥ ಕಥೆಗಳಲ್ಲಿ ಮನುಷ್ಯ ಒಂದು ಹೆಸರು ಕಳಚಿ ಇನ್ನೊಂದನ್ನು ತೊಟ್ಟು ಹೊರಟುಬಿಡುತ್ತಾನೆ, ಹಿಂದೆ ಉಳಿದ ಮನೆಯವರ ಸುದ್ದಿ ಯಾರೂ ಎತ್ತುವುದಿಲ್ಲ. ನನಗೆ ಅದು ಬಹಳ ಹಿಡಿಸಿತ್ತು. ನಮ್ಮ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಗದಿಗೆಯ್ಯನನ್ನು ಹಾನಗಲ್ ಕುಮಾರಸ್ವಾಮಿಗಳು ಕರೆದೊಯ್ದು ಸಂಗೀತ ಕಲಿಸಿದ್ದು, ಆತ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿದ್ದು, ಈ ಪಾಠವನ್ನು ನಾನು ಮಾಸ್ತರನಾಗಿ ಹತ್ತಾರು ವರ್ಷ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ್ದೇನೆ. ಜೊತೆಯಲ್ಲಿ ಗುರುಬಸಯ್ಯ ಎಂಬ ಸೋದರನಿದ್ದ, ಅವನಿಗೂ ಕಣ್ಣಿರಲಿಲ್ಲ. ಅವನ ಹೆಸರನ್ನು ನಾನು ತರಗತಿಯಲ್ಲಿ ಒಮ್ಮೆಯೂ ಉಚ್ಚರಿಸಿದ ನೆನಪಿಲ್ಲ. ಮರೆತಿದ್ದಲ್ಲ, ಕಥೆ ಜಾಳಾಗುತ್ತದೆ ಎಂದು ಬಿಟ್ಟಿದ್ದು.

ವ್ಯಕ್ತಿತ್ವದ ಬೆಳವಣಿಗೆಯನ್ನು ಎಂಟು ಘಟ್ಟಗಳಾಗಿ ವಿವರಿಸಿದ ಎರಿಕ್ ಎರಿಕ್ಸನ್ ಜರ್ಮನಿಯಲ್ಲಿ ಬೆಳೆದದ್ದು ಮಲತಂದೆಯ ಹೋಂಬರ್ಗರ್ ಎಂಬ ಹೆಸರಿನಲ್ಲಿ. ಅಮೆರಿಕಕ್ಕೆ ಹೋದ ಮೇಲೆ ಎರಿಕ್ಸನ್, ಅಂದರೆ ಎರಿಕನ ಮಗ, ಎಂದು ತನಗೆ ತಾನೇ ಅಡ್ಡಹೆಸರು ಇಟ್ಟುಕೊಂಡರು. ಹುಡುಗಿ ಇದನ್ನು ಹೇಳಿದಾಗ ನನಗೆ ನಗು ಬಂತು. ನಾನೂ ಶಿಗ್ಗಾಂವಿಯಲ್ಲಿ ನನ್ನ ಅಪ್ಪ ನಾನೇ ಆಗಿದ್ದೆ. ಬೋರ್ಡಿಂಗಿಗೆ ತಿಂಗಳಿಗೊಮ್ಮೆ ಅಕ್ಕಿ ಹೊತ್ತು ತರುತ್ತಿದ್ದವನನ್ನು ಗೆಳೆಯರು 'ಯಾರೋ ಅಂವ' ಎಂದು ಕೇಳಿದರೆ 'ಊರಾಂವ' ಎನ್ನುತ್ತಿದ್ದೆ. ಸುಳ್ಳಲ್ಲ ನೋಡಿ. ಅಣ್ಣನೂ ಊರವನೇ.

ಸವಣೂರಿನ ದಿನಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಒಂದನ್ನು ಬಿಟ್ಟು. ನವಾಬರ ಊರು, ಬಜಾರಿನಲ್ಲಿ ಉರ್ದು, ಎಲೆ ಅಡಿಕೆ, ಖಾರ. ಅಲ್ಲಿ ನಾನು 'ಮಾಸ್ಟರ್ ಸಾಬ್'. ಅಣ್ಣ ಒಮ್ಮೆ ಬಂದಿದ್ದ. ಊರು ತೋರಿಸೆಂದ. ಕಲ್ಮಠದ ದೊಡ್ಡಹುಣಸೆ ಮರಗಳ ಹತ್ತಿರ ಕರೆದೊಯ್ದೆ. ನಾನು ಮಾಸ್ತರಿಕೆಯಿಂದ ಹುಣಸೆಯ ಬಗ್ಗೆ ಏನೋ ಶುರು ಮಾಡಿದೆ. ಅವನು ಎಲೆ ಕಿತ್ತು ಅಂಗೈ ಮೇಲಿಟ್ಟ. 'ಇದು ಹುಣಸಿ ಅಲ್ಲೋ. ಹುಣಸಿ ಎಲಿ ಹಿಂಗ ಬೆರಳು ಬಿಡ್ತೈತೇನು?' ಅವನ ಮಾತು ಸರಿ. ಅದು ಆಫ್ರಿಕಾ ಮೂಲದ ಬಾವೊಬಾಬ್, ಕಾಯಿಯ ತಿರುಳು ಹುಳಿ ಎಂದು ನಮ್ಮವರು ಹುಣಸೆ ಅಂದರು. ಹಲವು ಕಾಂಡಗಳು ಒಂದಕ್ಕೊಂದು ಕೂಡಿಕೊಂಡು ಅದರ ಬುಡ ಒಂದೇ ಮರದಂತೆ ಕಾಣುತ್ತದೆ ಎಂದು ನಾನು ಮುಂದೆ ಎಲ್ಲೋ ಓದಿದೆ. ನಾವಿಬ್ಬರೂ ತೋಳು ಚಾಚಿ ಬುಡವನ್ನು ತಬ್ಬಿ ನೋಡಿದೆವು, ಕೈಗೆ ಕೈ ತಾಕುವ ಮಾತೇ ಇರಲಿಲ್ಲ. ಅಷ್ಟರಲ್ಲಿ ನನ್ನ ಶಾಲೆಯ ಸಹಶಿಕ್ಷಕರು ಯಾರೋ ಬಂದರು. ನಾನು ಕೈ ಕೆಳಗಿಳಿಸಿದೆ. ಅಣ್ಣನ ತೋಳು ಇನ್ನೂ ಮರದ ಮೇಲೇ ಇತ್ತು.

ಮೊದಲ ಮೂರು ವರ್ಷ ತಿಂಗಳಿಗೆ ನಲವತ್ತು ರೂಪಾಯಿ ಮನಿಆರ್ಡರ್ ಮಾಡಿದೆ. ಮದುವೆಯಾದ ಮೇಲೆ ಅದು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ನಿಂತೇ ಹೋಯಿತು. ಅವನು ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಒಳಗೊಳಗೇ ಅವನ ಮೇಲೆ ಸಿಟ್ಟಿತ್ತು, ಇದನ್ನೂ ಬರೆದುಬಿಡುತ್ತೇನೆ.

31 ಮೇ 2013. ಹಿರೇಕೆರೂರಿನಲ್ಲಿ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ಒಂದು ಸರಸ್ವತಿಯ ಫೋಟೊ. ನಾನು ನನ್ನ ಕಥೆ ಹೇಳಿದೆ: ಬುಡ್ಡಿ, ಹಳ್ಳ, ಬೋರ್ಡಿಂಗು. ಕಷ್ಟದಿಂದ ಮೇಲೆ ಬಂದ ಕಥೆ. ಅಮೆರಿಕನ್ನರು ತಮ್ಮ ಬದುಕನ್ನು ಇದೇ ಅಚ್ಚಿನಲ್ಲಿ ಹೇಳಿಕೊಳ್ಳಲು ಇಷ್ಟಪಡುತ್ತಾರೆ ಎಂದು ಮ್ಯಾಕ್ಆಡಮ್ಸ್ ಬರೆದಿದ್ದಾರಂತೆ. ಅವರು ನಮ್ಮ ಜಿಲ್ಲೆಯ ಸನ್ಮಾನ ಸಮಾರಂಭಗಳಿಗೆ ಬಂದಿಲ್ಲ. ಅಣ್ಣ ಮೂರನೇ ಸಾಲಿನಲ್ಲಿ ಹೊಸ ಧೋತರ ಉಟ್ಟು ಕೂತಿದ್ದ. ಮಾತು ಮುಗಿದ ಮೇಲೆ ಬಂದು ನನ್ನ ಭುಜ ಮುಟ್ಟಿ, 'ಚಲೋ ಮಾತಾಡಿದಿ' ಅಂದ. ಅಷ್ಟೇ. ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತಂತೆ. 18ರಿಂದ 68 ವಯಸ್ಸಿನ 19 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಹಿಂದಿನ ಹತ್ತು ವರ್ಷದಲ್ಲಿ ತಾವು ಬಹಳ ಬದಲಾಗಿದ್ದೇವೆಂದು ಎಲ್ಲ ವಯಸ್ಸಿನವರೂ ಒಪ್ಪಿದರು, ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ ಎಂದೂ ನಂಬಿದ್ದರು. ಆ ವೇದಿಕೆಯ ಮೇಲೆ ನಾನೂ ಹಾಗೇ ನಿಂತಿದ್ದೆ, ಕಥೆ ಕಟ್ಟಿ ಮುಗಿಸಿದವನಂತೆ.

ಅಣ್ಣ 2022ರಲ್ಲಿ ಹೋದ. ವಾರಸಾ ಕಾಗದಗಳಿಗೆಂದು ವೈನಿ ಟ್ರಂಕು ತೆಗೆದಾಗ ಅವನ ಶಾಲೆಯ ದಾಖಲೆ ಸಿಕ್ಕಿತು, ನಾಲ್ಕು ಮಡಿಕೆಯದು. ಇಂಥವನ್ನು ನಾನು ನನ್ನ ಕೈಯಾರೆ ನೂರಾರು ಬರೆದಿದ್ದೇನೆ, ಯಾವ ಕಾಲಂ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ವರ್ತನೆ: ಚೆನ್ನಾಗಿದೆ. ಶಾಲೆ ಬಿಟ್ಟ ಕಾರಣ: ಮನೆಗೆಲಸ. ಬಿಟ್ಟ ದಿನಾಂಕ: 27 ಜೂನ್ 1964. ನನ್ನ ದಾಖಲೆಯಲ್ಲಿ ಐದನೇ ಇಯತ್ತೆಗೆ ಸೇರಿದ ದಿನ 29 ಜೂನ್. ಶನಿವಾರ ಅವನು ಬಿಟ್ಟ, ಸೋಮವಾರ ನಾನು ಸೇರಿದೆ. ನಡುವಿನ ಭಾನುವಾರ ಅವನು ನನಗೆ ತನ್ನ ಪಾಟಿಚೀಲ ಒಗೆದು ಕೊಟ್ಟಿದ್ದ.

ವರ್ತನೆಯ ಕಾಲಂನಲ್ಲಿ ನಾವು ಮಾಸ್ತರರು ಎಲ್ಲರಿಗೂ 'ಉತ್ತಮ' ಎಂದೋ 'ಚೆನ್ನಾಗಿದೆ' ಎಂದೋ ಬರೆಯುತ್ತೇವೆ, ಹುಡುಗನ ಮುಖವನ್ನೂ ನೋಡಿರುವುದಿಲ್ಲ. ಸ್ಕಾಟ್ಲೆಂಡಿನ ಮಾಸ್ತರರು ಇನ್ನಷ್ಟು ಜವಾಬ್ದಾರಿಯವರು. 1950ರ ಸುಮಾರಿಗೆ ಅವರು ಹದಿನಾಲ್ಕು ವರ್ಷದ 1,208 ಮಕ್ಕಳ ಸ್ವಭಾವಕ್ಕೆ ಅಂಕ ಕೊಟ್ಟಿದ್ದರು: ಆತ್ಮವಿಶ್ವಾಸ, ಛಲ, ಮನಸ್ಸಿನ ಸ್ಥಿರತೆ, ಹೀಗೆ ಆರು. ಆ ಮಕ್ಕಳಲ್ಲಿ 174 ಜನರನ್ನು ಎಪ್ಪತ್ತೇಳನೇ ವಯಸ್ಸಿನಲ್ಲಿ ಮತ್ತೆ ಅಳೆದರು. 2016ರಲ್ಲಿ ಬಂದ ವರದಿಯಂತೆ ಎರಡೂ ಅಂಕಪಟ್ಟಿಗಳ ನಡುವೆ ಸಂಬಂಧ ಬಹುತೇಕ ಕಾಣಲಿಲ್ಲ. ಹುಡುಗಿ ಇದನ್ನು ನನಗೆ ಸಮಾಧಾನವೆಂಬಂತೆ ಹೇಳಿದಳು: ಕಂಬಳಿಯೊಳಗಿನ ಆ ಹುಡುಗ ನೀವಲ್ಲ, ಸಣ್ಣಜ್ಜ. ಇರಬಹುದು. ಆದರೆ ಆ ಹುಡುಗನ ಪಗಾರ ಎಣಿಸಿಕೊಂಡವನು, ಈಗ ಪೆನ್ಷನ್ ಎಣಿಸಿಕೊಳ್ಳುವವನು ನಾನೇ. ಅಣ್ಣ ಮಾತ್ರ ಹದಿನಾಲ್ಕರಲ್ಲಿ ಇದ್ದ ಹಾಗೇ ಎಪ್ಪತ್ತೆರಡರಲ್ಲೂ ಇದ್ದ ಎಂದು ನನಗನ್ನಿಸುತ್ತದೆ. ಹಾಗನ್ನಿಸುವುದೂ ನನ್ನ ಅನುಕೂಲಕ್ಕೇ ಇದ್ದೀತು. ಅವನಿಗೆ ಎಂಟನೇ ಇಯತ್ತೆಯ ಆಸೆ ಎಷ್ಟು ವರ್ಷ ಇತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಅವನು ಹೋದ ಮರುವರ್ಷದ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲೊಂದು ಉರುಳಿತು. ಎತ್ತಿ ಮತ್ತೆ ನೆಟ್ಟರು. ನೋಡಿ ಬರಲು ಬಸ್ಸು ಹತ್ತಿದವನು ಬಂಕಾಪುರದಲ್ಲೇ ಇಳಿದು ವಾಪಸ್ಸು ಬಂದೆ.

ಇಷ್ಟನ್ನೂ ಹುಡುಗಿಗೆ ಹೇಳಿದ್ದು ಮೊಬೈಲ್ ಬಂದ್ ಮಾಡಿಸಿದ ಮೇಲೆ. ಆಕೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಕಡೆಗೆ, 'ಇದನ್ನ ಸೇರಸ್ಲ್ಯಾ, ಸಣ್ಣಜ್ಜ?' ಎಂದಳು. ಹೂಂ ಅನ್ನಬೇಕೆಂದು ಬಾಯಿ ತೆರೆದೆ. 'ಬ್ಯಾಡವಾ, ಇದ್ದಂಗ ಇರ್ಲಿ' ಎಂಬ ಮಾತು ಹೊರಬಂತು. ಅವಳ ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂದವಂತೆ. ಅದರ ಒಂದು ಪ್ರತಿಯನ್ನು ನನಗೂ ತಂದು ಕೊಟ್ಟಿದ್ದಾಳೆ, ಅದರಲ್ಲಿ ನಾಲ್ಕು ಅಧ್ಯಾಯಗಳಿವೆ.