ಉತ್ತರಿಸದೆ ಉಳಿದ ಪ್ರಶ್ನೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಜೀವಶಾಸ್ತ್ರ ಬೋಧಿಸುತ್ತಿದ್ದ ಕಾಲದ ಮಾತಿದು. ಒಂದು ಮಳೆಗಾಲದಲ್ಲಿ ದೇಹದ ರಕ್ಷಣೆಯ ಪಾಠ ನಡೆಯುತ್ತಿತ್ತು. ಕಣ್ಣೀರಿನಲ್ಲಿ ಲೈಸೋಜೈಮ್ ಎಂಬ ಕಿಣ್ವವಿದೆ, ಅದು ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಕರಿಹಲಗೆಯ ಮೇಲೆ ಬರೆದೆ. ಕೆಂಗಣ್ಣು ಬಂದು ವಾರಕಾಲ ಮನೆಯಲ್ಲಿದ್ದು ಅಂದೇ ಶಾಲೆಗೆ ಮರಳಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಾಷ್ಟ್ರೇ, ಹಾಗಾದರೆ ನನಗೆ ಕೆಂಗಣ್ಣು ಬಂದದ್ದು ಹೇಗೆ? ಕಣ್ಣೀರು ಧಾರಾಳ ಸುರಿಯುತ್ತಿತ್ತಲ್ಲ?"

ತರಗತಿ ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಅಷ್ಟೆಲ್ಲ ಬೇಡ, ಕುಳಿತುಕೋ" ಎಂದು ಗದರಿದೆ. ವರ್ಷ ಮುಗಿಯುವವರೆಗೂ ಆಕೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನಿವೃತ್ತಿಯ ಬಳಿಕ ನನ್ನ ಕಣ್ಣುಗಳು ಒಣಗತೊಡಗಿದವು. ವೈದ್ಯರು ಕೃತಕ ಕಣ್ಣೀರಿನ ಹನಿಯನ್ನು ಬರೆದುಕೊಟ್ಟರು. ದಿನಕ್ಕೆ ನಾಲ್ಕು ಬಾರಿ ಹನಿ ಹಾಕಿಕೊಳ್ಳುವಾಗಲೆಲ್ಲ ಆ ಹುಡುಗಿಯ ಮುಖ ನೆನಪಾಗುತ್ತಿತ್ತು. ಕೊನೆಗೆ ಪುಸ್ತಕ ತೆರೆದು ಕುಳಿತೆ.

1921ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು, ನೆಗಡಿಯಾಗಿದ್ದ ತಮ್ಮದೇ ಮೂಗಿನ ಸಿಂಬಳವನ್ನು ತಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅದರ ಸುತ್ತಲಿನ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವು. ಕಣ್ಣೀರು, ಎಂಜಲು, ಕೋಳಿಮೊಟ್ಟೆಯ ಬಿಳಿಭಾಗ ಎಲ್ಲದರಲ್ಲೂ ಅದೇ ಗುಣ ಕಂಡುಬಂತು. ಪ್ರಯೋಗಕ್ಕೆ ಬೇಕಾದ ಕಣ್ಣೀರಿಗಾಗಿ ಸಹೋದ್ಯೋಗಿಗಳ ಕಣ್ಣಿಗೆ ನಿಂಬೆಸಿಪ್ಪೆ ಹಿಂಡಿದ್ದೂ ಉಂಟಂತೆ. ಅವರು ಪೆನಿಸಿಲಿನ್ ಕಂಡುಕೊಂಡದ್ದು ಅನಂತರ, 1928ರಲ್ಲಿ.

ಬ್ಯಾಕ್ಟೀರಿಯಾದ ಸುತ್ತ, ಸಕ್ಕರೆಯ ಸರಪಳಿಗಳನ್ನು ಪ್ರೋಟೀನಿನ ತುಣುಕುಗಳಿಂದ ಹೆಣೆದ ಬಲೆಯಂತಹ ಕೋಶಭಿತ್ತಿಯಿರುತ್ತದೆ. ಲೈಸೋಜೈಮ್ ಆ ಸರಪಳಿಯ ಕೊಂಡಿಗಳನ್ನು ಕತ್ತರಿಸುತ್ತದೆ. ಭಿತ್ತಿ ದುರ್ಬಲವಾದೊಡನೆ ಹೊರಗಿನ ನೀರು ಒಳನುಗ್ಗಿ ಜೀವಕೋಶ ಒಡೆಯುತ್ತದೆ. ಆದರೆ ಹಲವು ಬ್ಯಾಕ್ಟೀರಿಯಾಗಳು ಭಿತ್ತಿಯ ಹೊರಗೆ ಇನ್ನೊಂದು ಪೊರೆ ಹೊದ್ದು ಪಾರಾಗುತ್ತವೆ. ಮನೆಯಿಂದ ಮನೆಗೆ ಹರಡುವ ಕೆಂಗಣ್ಣಿಗಾದರೋ ಬಹುಮಟ್ಟಿಗೆ ವೈರಸ್ಸೇ ಕಾರಣ. ವೈರಸ್ಸಿಗೆ ಕೋಶವೇ ಇಲ್ಲ; ಕತ್ತರಿಸಲು ಭಿತ್ತಿ ಎಲ್ಲಿಂದ ಬರಬೇಕು? "ಕೆಲವು ಬ್ಯಾಕ್ಟೀರಿಯಾಗಳನ್ನು" ಎನ್ನಬೇಕಾದಲ್ಲಿ ನಾನು "ರೋಗಾಣುಗಳನ್ನು" ಎಂದು ಬರೆದಿದ್ದೆ. ಆಕೆ ಸಂಶಯಪಟ್ಟದ್ದು ಸರಿಯಾಗಿ ಆ ಪದದ ಮೇಲೆಯೇ.

ಗಡಿನಾಡಿನ ನಮ್ಮ ಮಕ್ಕಳಿಗೆ ಇಂತಹ ಸಂದೇಹಗಳನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಲು ತರಗತಿಯಲ್ಲದೆ ಬೇರೆ ತಾಣಗಳು ಹೆಚ್ಚಿರಲಿಲ್ಲ. ಅಲ್ಲಿಯೇ ನಾನು ಆಕೆಯ ಬಾಯಿ ಮುಚ್ಚಿಸಿದೆ ಎಂಬ ವ್ಯಥೆ ಇನ್ನೂ ಹೋಗಿಲ್ಲ. ಆಕೆ ಈಗ ಎಲ್ಲಿದ್ದಾಳೋ ಅರಿಯೆ. ಸಂಘದ ಈ ಸಂಪುಟ ನಮ್ಮವರ ಮನೆಮನೆಗಳನ್ನು ತಲುಪುವುದರಿಂದ ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ. ಮಗಳೇ, ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು; ಮಾಷ್ಟ್ರ ವಾಕ್ಯ ತಪ್ಪಾಗಿತ್ತು.