ಹೂದಾನಿಯ ಗೋತ್ರ

ಮನುಷ್ಯನ ಗೋತ್ರವನ್ನು ಕೇಳಿದರೆ ಆತನೇ ಹೇಳಿಯಾನು. ಆತನಿಗೆ ತಿಳಿಯದಿದ್ದರೆ ಮನೆಯ ಹಿರಿಯರಾದರೂ ಹೇಳಿಯಾರು. ವಸ್ತುವಿನ ಗೋತ್ರವನ್ನು ಯಾರನ್ನು ಕೇಳುವುದು? ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರುಗಳನ್ನು ಕೊರೆದಿಟ್ಟು ಮುಂದಿನವರಿಗೆ ಉಪಕಾರ ಮಾಡಿದ್ದಾರೆ. ಎಲ್ಲ ಕುಶಲಿಗಳೂ ಹಾಗೆ ಮಾಡಿದವರಲ್ಲ. ಹೆಸರಿಲ್ಲದ ವಸ್ತುವಿಗೆ ಹೆಸರಿಡಲು ಹೊರಟವನು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ನಾನು ಕಲಿತದ್ದು ಈಚೆಗೆ, ಟಿ.ಬಿ. ಡ್ಯಾಮಿನ ನಮ್ಮ ನೆರೆಮನೆಯ ಪಡಸಾಲೆಯಲ್ಲಿ.

ಆ ಮನೆಯ ಹಿರಿಯಮ್ಮನವರಿಗೆ ಎಂಬತ್ತರ ಸಮೀಪ ವಯಸ್ಸು. ಅವರ ಯಜಮಾನರು ಅಣೆಕಟ್ಟಿನ ಕಚೇರಿಯಲ್ಲಿ ಕೆಲಸ ಮಾಡಿ ತೀರಿಹೋದವರು. ಮೇಲಧಿಕಾರಿಗಳೊಬ್ಬರು ವರ್ಗವಾಗಿ ಹೋಗುವಾಗ ಅವರಿಗೆ ಪ್ರೀತಿಯಿಂದ ಕೊಟ್ಟ ಗಾಜಿನ ಹೂದಾನಿಯೊಂದು ಅಲ್ಲಿ ಬಹುಕಾಲದಿಂದ ಇತ್ತು. ಕರವಸ್ತ್ರವೊಂದನ್ನು ನಡುವೆ ಹಿಡಿದೆತ್ತಿ, ಅದರ ಅಂಚುಗಳು ಜೋತುಬಿದ್ದಿರುವಾಗಲೇ ತಲೆಕೆಳಗು ಮಾಡಿ ನಿಲ್ಲಿಸಿದಂತೆ ಅದರ ಆಕಾರ. ಮೈಮೇಲೆಲ್ಲ ನೂಲಿನಂತಹ ಬಿಳಿಯ ಗೆರೆಗಳು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ ಹಣ ಸಾಲದೆ, ಹಿರಿಯಮ್ಮನವರು ಅದನ್ನು ಮಾರಲು ಮನಸ್ಸು ಮಾಡಿದರು. ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬನು ಬಂದು ನೋಡಿ, “ಇದು ಇಟಲಿಯ ವೆನಿನಿಯವರದು. ಬಲ್ಲವರು ಯಾರಾದರೂ ಹಾಗೆಂದು ಬರೆದುಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆ, ಇಲ್ಲದಿದ್ದರೆ ಇದು ಬರಿಯ ಗಾಜು” ಎಂದನಂತೆ. ಹಿರಿಯಮ್ಮನವರು ನೇರವಾಗಿ ನನ್ನಲ್ಲಿಗೆ ಬಂದರು. “ಮೇಷ್ಟ್ರೆ, ಊರಿನಲ್ಲಿ ನಿಮ್ಮ ಮಾತಿಗೆ ತೂಕವುಂಟು. ನೀವೇ ನೋಡಿ ಎರಡು ಸಾಲು ಬರೆದುಕೊಡಿ” ಎಂದರು.

ನನಗೆ ಗಾಜಿನ ವಿದ್ಯೆ ಬಾರದು. ಆದರೆ ಬಾರದ ವಿದ್ಯೆಯನ್ನು ಓದಿ ತಿಳಿಯಬಹುದೆಂಬ ಹುಚ್ಚು ಮೇಷ್ಟರ ಜಾತಿಗೆ ಸಹಜವಾದುದು. ನಾಲ್ಕು ದಿನ ಅದನ್ನೇ ಓದಿದೆನು. ಬೆಂಕಿಯ ಭಯದಿಂದ ವೆನಿಸ್ ನಗರದ ಗಾಜಿನ ಕುಲುಮೆಗಳನ್ನು 1291ರಲ್ಲಿ ಮುರಾನೋ ಎಂಬ ದ್ವೀಪಕ್ಕೆ ಸಾಗಿಸಿದರಂತೆ. ಅಲ್ಲಿ 1921ರಲ್ಲಿ ಮಿಲಾನಿನ ವಕೀಲ ಪಾವೊಲೊ ವೆನಿನಿಯೂ, ವೆನಿಸ್ಸಿನ ಪ್ರಾಚೀನ ವಸ್ತುಗಳ ವರ್ತಕ ಜಾಕೊಮೊ ಕಪೆಲ್ಲಿನನೂ ಕೂಡಿ ಕಾರ್ಖಾನೆಯೊಂದನ್ನು ತೆರೆದರು. 1940ರ ದಶಕದ ಕೊನೆಯಲ್ಲಿ ಫುಲ್ವಿಯೊ ಬಿಯಾಂಕೋನಿ ಎಂಬ ಚಿತ್ರಕಾರನು ವೆನಿನಿಯೊಡಗೂಡಿ ಕಲ್ಪಿಸಿದ ಹೂದಾನಿಗೆ ‘ಫಾತ್ಸೊಲೆತ್ತೊ’ ಎಂದು ಹೆಸರು. ಆ ನುಡಿಯಲ್ಲಿ ಹಾಗೆಂದರೆ ಕರವಸ್ತ್ರ. ಚಿತ್ರವನ್ನು ನೋಡಿದೊಡನೆ ನನ್ನ ಎದೆ ಹಾರಿತು. ಅದೇ ಆಕಾರ, ಅವೇ ಬಿಳಿಯ ಗೆರೆಗಳು!

ಇನ್ನೊಂದು ಮೋಹವೂ ನನ್ನನ್ನು ಎಳೆಯಿತೆಂದು ಒಪ್ಪಿಕೊಳ್ಳಬೇಕು. ವೆನಿಸ್ಸಿನ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ಹದಿನೈದನೆಯ ಶತಮಾನದ ಆದಿಯಲ್ಲಿ ನಿಕೊಲೊ ಕೊಂತಿಯೂ, ತಾಳಿಕೋಟೆಯ ಯುದ್ಧವಾದ ಎರಡು ವರ್ಷಗಳ ಮೇಲೆ 1567ರಲ್ಲಿ ಚೆಸಾರೆ ಫೆಡೆರಿಚಿ ಎಂಬ ವರ್ತಕನೂ ಅಲ್ಲಿಂದಲೇ ಬಂದು ವಿಜಯನಗರವನ್ನು ಕಂಡುಹೋದವರು. ಅವರ ಊರಿನ ಗಾಜು ಹಂಪೆಯ ಮಗ್ಗುಲಿಗೇ ಬಂದು ಕುಳಿತಿದೆಯೆಂದರೆ ಎಷ್ಟು ಸೊಗಸು! ಸೊಗಸಾದುದು ನಿಜವೂ ಆಗಿರಲಿ ಎಂದು ಮನಸ್ಸು ಹಾರೈಸತೊಡಗಿದರೆ ಬುದ್ಧಿ ಹಿಂದೆ ಬೀಳುತ್ತದೆ.

ಕಾಗದವನ್ನು ಬರೆಯಲು ಕುಳಿತೆನು. “ಆಕಾರವು ವೆನಿನಿಯದಾದ್ದರಿಂದ” ಎಂದು ಬರೆಯುವಷ್ಟರಲ್ಲಿ ಬಾಲ್ಯದಲ್ಲಿ ಓದಿದ ತರ್ಕಸಂಗ್ರಹವು ಕೈ ಹಿಡಿದು ನಿಲ್ಲಿಸಿತು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಏಕೆಂದರೆ ಬೆಂಕಿಯಿಲ್ಲದ ಕಡೆ ಹೊಗೆ ಇರದು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಹೇತುವಾದರೋ ಸವ್ಯಭಿಚಾರ, ಎಂದರೆ ನಂಬಲು ಬಾರದ ಸಾಕ್ಷಿ. ಆಕಾರವು ಯಾವ ಬಗೆಯ ಹೇತು? ಮತ್ತೆ ಹುಡುಕಿದೆನು. ಆ ಕರವಸ್ತ್ರವನ್ನು ಮುರಾನೋದ ಇತರ ಕುಲುಮೆಗಳವರೂ ಅನುಕರಿಸಿದ್ದರು. ಅಷ್ಟೇ ಅಲ್ಲ, ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿಯ ಚಾನ್ಸ್ ಸೋದರರ ಕಾರ್ಖಾನೆಯೂ ಅದೇ ಆಕಾರದ ಹೂದಾನಿಗಳನ್ನು ಮಾಡಿ ಮಾರಿತ್ತು. 1851ರ ಲಂಡನ್ನಿನ ಸ್ಫಟಿಕಮಂದಿರಕ್ಕೆ ಗಾಜು ಒದಗಿಸಿದ ಕಾರ್ಖಾನೆ ಅದು. ನನ್ನ ಹೇತು ಕುಸಿಯಿತು.

ಮುದ್ರೆಯನ್ನು ಹುಡುಕಿದೆನು. ವೆನಿನಿಯವರು ತಳದಲ್ಲಿ ಆಮ್ಲದಿಂದ ‘ವೆನಿನಿ ಮುರಾನೋ ಇಟಾಲಿಯಾ’ ಎಂದು ಸಣ್ಣಕ್ಷರಗಳಲ್ಲಿ ಒತ್ತುತ್ತಿದ್ದುದುಂಟು. ಇಲ್ಲಿ ಅದಿರಲಿಲ್ಲ. ಆದರೆ ಮುದ್ರೆಯಿಲ್ಲದ ಮಾತ್ರಕ್ಕೆ ಮುರಾನೋದ್ದಲ್ಲವೆನ್ನಲೂ ಆಗದು. ಅಲ್ಲಿಯ ಅನೇಕರು ಅಂಟಿಸುತ್ತಿದ್ದುದು ಬರಿಯ ಕಾಗದದ ಚೀಟಿ, ಅದು ನೀರಿಗೆ ಬಿದ್ದರೆ ಹೋಗುತ್ತದೆ. ಮುದ್ರೆಯಿದ್ದರೂ ಅದು ಆಮೇಲೆ ಯಾರೋ ಕೊರೆದದ್ದಾಗಿರಬಹುದು.

ಗೊಂದಲದಲ್ಲಿ ಹೂದಾನಿಯನ್ನು ಹಿಡಿದುಕೊಂಡು ಹಿರಿಯಮ್ಮನವರ ಮನೆಗೆ ಹೋದೆನು. “ಅಮ್ಮಾ, ವೆನಿಸ್ಸಿನಲ್ಲಿ ಬಿಳಿಯ ಗಾಜಿನ ಕಡ್ಡಿಗಳನ್ನು ಸಾಲಾಗಿಟ್ಟು ಕರಗಿಸಿ ಬೆಸೆದು, ಆಮೇಲೆ ಊದುತ್ತಾರಂತೆ. ಅದರಿಂದಲೇ ಈ ಗೆರೆಗಳು” ಎಂದೆನು. ಅವರು ಕೈಗೆ ತೆಗೆದುಕೊಂಡು, ಉಗುರಿನಿಂದ ಮೆಲ್ಲನೆ ಗೀರಿ ನೋಡಿದರು. “ಹಾಗಿದ್ದರೆ ಗೆರೆ ಒಳಗಿರಬೇಕಲ್ಲವೆ, ಮೇಷ್ಟ್ರೆ? ನಾನು ಬಳೆ ತೊಡುತ್ತಿದ್ದ ಕಾಲದಲ್ಲಿ ಎರಡು ಬಗೆಯವು ಬರುತ್ತಿದ್ದವು. ಒಂದರಲ್ಲಿ ಗೆರೆ ಗಾಜಿನೊಳಗೇ ಇರುವುದು, ಬಳೆ ಒಡೆದರೂ ಅದು ಹೋಗದು. ಇನ್ನೊಂದರಲ್ಲಿ ಮೇಲೆ ಬಳಿದದ್ದು. ಇದು ರಂಗೋಲಿಯ ಹಾಗೆ ಮೇಲೇ ಇದೆ, ಉಗುರಿಗೆ ತಡೆಯುತ್ತದೆ” ಎಂದರು.

ನಾನು ನಾಚಿದೆನು. ನಾಲ್ಕು ದಿನ ಚಿತ್ರಗಳನ್ನು ನೋಡಿದವನು ಒಂದು ಸಲವೂ ಬೆರಳಿನಿಂದ ಮುಟ್ಟಿ ನೋಡಿರಲಿಲ್ಲ! ಆಮೇಲೆ ಉಳಿದ ಕುರುಹುಗಳೂ ಒಂದೊಂದಾಗಿ ಬಾಯಿಬಿಟ್ಟವು. ಊದಿ ಮಾಡಿದ ಪಾತ್ರೆಯನ್ನು ಕಡೆಯಲ್ಲಿ ಕಬ್ಬಿಣದ ಸಲಾಕೆಗೆ ಅಂಟಿಸಿ ಹಿಡಿದು ಬಾಯಿಯನ್ನು ಅರಳಿಸುವುದರಿಂದ, ಸಲಾಕೆ ಬಿಡಿಸಿದ ಗುರುತೋ ಅದನ್ನು ಉಜ್ಜಿ ನುಣುಪು ಮಾಡಿದ ಗುರುತೋ ತಳದಲ್ಲಿ ಉಳಿಯುವುದುಂಟು. ಇಲ್ಲಿ ಅಂತಹ ಯಾವ ಗುರುತೂ ಇರಲಿಲ್ಲ. ಗಾಜಿನ ದಪ್ಪವೂ ಕಿಟಕಿಯ ಗಾಜಿನಂತೆ ಎಲ್ಲೆಡೆಯೂ ಒಂದೇ ಸಮ. ಚಾನ್ಸ್ ಕಾರ್ಖಾನೆಯವರು ಊದುತ್ತಿರಲಿಲ್ಲ. ಚಪ್ಪಟೆಯಾದ ಗಾಜಿನ ಹಾಳೆಯ ಮೇಲೆ ಚಿತ್ತಾರವನ್ನು ಅಚ್ಚೊತ್ತಿ, ಕಾಯಿಸಿ, ಅಚ್ಚಿನ ಮೇಲೆ ಬಾಗಿಸುತ್ತಿದ್ದರು. ಒಂದೊಂದು ಕುರುಹೂ ಬೇರೆಬೇರೆಯಾಗಿ ದುರ್ಬಲವಾದರೂ, ಮೂರೂ ಕೂಡಿ ಒಂದೇ ದಿಕ್ಕಿಗೆ ಕೈ ತೋರಿದವು.

ನಾನು ಬರೆದುಕೊಟ್ಟ ಎರಡು ಸಾಲು ಇಷ್ಟೆ: ಇದು ವೆನಿಸ್ಸಿನಲ್ಲಿ ಊದಿದ ಗಾಜಲ್ಲ, ಇಂಗ್ಲೆಂಡಿನ ಚಾನ್ಸ್ ಕಾರ್ಖಾನೆಯದೆಂದು ತೋರುತ್ತದೆ. “ತೋರುತ್ತದೆ” ಎಂಬ ಪದವನ್ನು ಬೇಕೆಂದೇ ಹಾಕಿದೆನು. ವ್ಯಾಪಾರಿಯು ಕಾಗದವನ್ನು ಓದಿ, ನಕ್ಕು, ಹೊರಟುಹೋದನಂತೆ. ಮಾರನೆಯ ವಾರ ಹಿರಿಯಮ್ಮನವರು ತಮ್ಮ ಎರಡೆಳೆಯ ಸರವನ್ನು ಹೊಸಪೇಟೆಯಲ್ಲಿ ಅಡವಿಟ್ಟು ಮೊಮ್ಮಗಳ ಶುಲ್ಕವನ್ನು ಕಟ್ಟಿದರು. ಈ ಸುದ್ದಿ ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸತ್ಯವನ್ನು ಬರೆದದ್ದು ನಾನು. ಅದರ ಬೆಲೆಯನ್ನು ತೆತ್ತವರು ಅವರು. ಸರವನ್ನು ಬಿಡಿಸಲು ನನ್ನ ಪಿಂಚಣಿಯಿಂದ ಸ್ವಲ್ಪ ಕೊಡುತ್ತೇನೆಂದೆನು. ಅವರು ಒಪ್ಪಲಿಲ್ಲ.

ಮೊನ್ನೆ ಹೋಗಿದ್ದಾಗ ಹೂದಾನಿಯು ಮೊದಲಿನ ಸ್ಥಳದಲ್ಲಿಯೇ ಇತ್ತು. ಅದರೊಳಗೆ ಮಡಿಸಿದ ಕಾಗದವೊಂದು ಕಾಣಿಸಿತು. ನಾನು ಬರೆದುಕೊಟ್ಟದ್ದೇ! ಇದನ್ನೇಕೆ ಇಟ್ಟಿದ್ದೀರಿ ಎಂದು ಕೇಳಿದೆನು.

“ಇರಲಿ, ಮೇಷ್ಟ್ರೆ” ಎಂದರು ಹಿರಿಯಮ್ಮನವರು. “ನಾಳೆ ನಾನಿರುವುದಿಲ್ಲ. ಇದು ಯಾರ ಕೈಗೆ ಹೋದರೂ, ಅವರು ಮೋಸಹೋಗಬಾರದಲ್ಲ.”