ನಾಯಿಜಗಳದ ನಡುವೆ ಒಂದು ಹಲಗೆ

ಬಂಡೀಪುರದ ಕಾಡುರಸ್ತೆಯಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ಹೋದ ಕೆಲಸ ಮುಗಿಸಿ ಅಷ್ಟರೊಳಗೆ ಹಿಂದಿರುಗಬೇಕೆಂದು ಮುಂಜಾನೆಯ ಬಲಿಪೂಜೆಯಾದ ಕೂಡಲೇ ನಾನೂ ಯುವಕರ ಸಂಘದ ಇಬ್ಬರೂ ತಾಳವಾಡಿಯಿಂದ ಹೊರಟೆವು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿನ ಹೊಳೆಯ ಬಳಿ ಎಡಕ್ಕೆ ತಿರುಗಿದರೆ ಮಸಿನಗುಡಿ. ಅಲ್ಲಿಂದ ಊಟಿಗೆ 36 ತಿರುವುಗಳ ಕಲ್ಲಟ್ಟಿ ಘಾಟಿ. ನಾವು ಘಾಟಿ ಹತ್ತಲಿಲ್ಲ. ಬೆಟ್ಟದ ಬುಡದಲ್ಲಿರುವ ಒಂದು ಪ್ರಾಣಿ ಆಶ್ರಯತಾಣವೇ ನಮ್ಮ ಗುರಿಯಾಗಿತ್ತು. ಅದರ ಹೆಸರು ಬರೆಯಬೇಡಿ ಎಂದು ಅಲ್ಲಿಯವರೇ ಕೇಳಿಕೊಂಡಿದ್ದಾರೆ. ಹೆಸರು ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಚೀಲದಲ್ಲಿ ನಾಯಿಮರಿಗಳಿರುತ್ತವಂತೆ!

ಪಾದ್ರಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ, ಗುರುನಿವಾಸದ ಎರಡು ನಾಯಿಗಳು ಹಬ್ಬದ ದಿನ ಒಂದು ಎಲುಬಿಗಾಗಿ ಕಚ್ಚಾಡಿದವು. ನಾನು ಜಗಲಿಯ ಮೇಲಿಂದಲೇ, "ಕುತ್ತಿಗೆಪಟ್ಟಿ ಹಿಡಿದು ಎಳೆಯೋ" ಎಂದು ಪೀಠಸೇವೆಯ ಹುಡುಗನಿಗೆ ಕೂಗಿದೆ. ಅವನು ವಿಧೇಯ ಹುಡುಗ, ಎಳೆದ. ಅವನ ಬಲ ಅಂಗೈ ಸೀಳಿತು. ಮದ್ದು, ಲಸಿಕೆ ಎಲ್ಲಾ ಆಯಿತು, ಗಾಯ ಮಾಗಿತು. ಆದರೆ ಅವನ ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಈಗ ನಮ್ಮ ಗುರುನಿವಾಸದಲ್ಲಿ ಮತ್ತೆ ಎರಡು ನಾಯಿಗಳಿವೆ. ಚಿರತೆ, ಹಂದಿಗಳ ಭಯದಿಂದ ನಮ್ಮ ಸೀಮೆಯ ತೋಟದ ಮನೆಗಳಲ್ಲೂ ನಾಯಿಗಳಿವೆ. ಇನ್ನೊಬ್ಬ ಹುಡುಗನಿಗೆ ಹಾಗೆ ಆಗಬಾರದು ಎಂದೇ ಕಲಿಯಲು ಹೋದೆ.

ಅಲ್ಲಿ ಕುರುಡು ನಾಯಿಗಳಿದ್ದವು, ಮೂರು ಕಾಲಿನವಿದ್ದವು, ಚಿರತೆಯ ಬಾಯಿಂದ ತಪ್ಪಿಸಿಕೊಂಡದ್ದೊಂದಿತ್ತು. ಅವನ್ನು ನೋಡಿಕೊಳ್ಳುವಾಕೆ ಬಡಗ ಸಮುದಾಯದ ಹೆಣ್ಣುಮಗಳು. ಆಕೆಯ ಮಾತಿನಲ್ಲಿ ಅರ್ಧ ನಮಗೆ ಕನ್ನಡದಂತೆಯೇ ತಿಳಿಯಿತು, ಇನ್ನರ್ಧವನ್ನು ಕೈಸನ್ನೆ ತಿಳಿಸಿತು. ನಾವು ಮಾತನಾಡುತ್ತಿದ್ದಂತೆಯೇ ಯಾರೋ ಒಂದು ಬಾಗಿಲಿನ ಅಗುಳಿ ಹಾಕುವುದನ್ನು ಮರೆತರು. ಎರಡು ಗಂಡುನಾಯಿಗಳು ಅನ್ನದ ತಟ್ಟೆಯ ಬಳಿ ಒಂದಕ್ಕೊಂದು ಗಂಟುಬಿದ್ದವು.

ನನಗೆ ಬಾಯಿಗೆ ಬಂದದ್ದು ಅದೇ ಹಳೆಯ ಕೂಗು. ಆಕೆ ಕೂಗಲಿಲ್ಲ, ಓಡಲೂ ಇಲ್ಲ. ಸ್ಟೀಲ್ ಬಕೆಟ್ಟನ್ನು ಸೌಟಿನಿಂದ ದಢದಢ ಬಡಿದಳು. ನಾಯಿಗಳು ಬಿಡಲಿಲ್ಲ. ಇನ್ನೊಬ್ಬರು ಪೈಪಿನ ನೀರನ್ನು ನೇರ ಮೂಗಿನ ಮೇಲೆ ಬಿಟ್ಟರು. ಹಿಡಿತ ಸಡಿಲವಾದ ಕ್ಷಣದಲ್ಲೇ ಆಕೆ ಗೋಡೆಗೆ ಒರಗಿಸಿದ್ದ ಪ್ಲೈವುಡ್ ಹಲಗೆಯನ್ನು ಎರಡರ ನಡುವೆ ತೂರಿಸಿದಳು. ಒಂದು ನಾಯಿ ಆ ಕೋಣೆಗೆ, ಇನ್ನೊಂದು ಈ ಕೋಣೆಗೆ. ಎರಡು ಬಾಗಿಲೂ ಮುಚ್ಚಿದವು. ಒಂದು ನಿಮಿಷವೂ ಆಗಿರಲಿಲ್ಲ.

ಆಮೇಲೆ ಆಕೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಕಚ್ಚಾಡುವ ನಾಯಿಗೆ ಯಾರ ಕೈ ಎಂಬುದು ತಿಳಿಯದು. ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ. ಆದ್ದರಿಂದ ಕುತ್ತಿಗೆಯ ಹತ್ತಿರ ಕೈ ಒಯ್ಯಲೇಬಾರದು. ಹೊಡೆದರೆ, ಕಿರುಚಿದರೆ ಜಗಳ ಏರುತ್ತದೆಯೇ ವಿನಾ ಇಳಿಯುವುದಿಲ್ಲ. ಹಲ್ಲು ಕಚ್ಚಿ ಹಿಡಿದಿರುವಾಗ ಎಳೆದರೆ ಗಾಯ ಹರಿದು ದೊಡ್ಡದಾಗುತ್ತದೆ. ಹಲಗೆ ಇಲ್ಲದಿದ್ದರೆ ಕುರ್ಚಿ, ದಪ್ಪ ಕಂಬಳಿಯೂ ಆದೀತು. ಕೊನೆಯ ದಾರಿಯೆಂದರೆ, ಇಬ್ಬರು ಒಂದೇ ಹೊತ್ತಿಗೆ ಎರಡೂ ನಾಯಿಗಳ ಹಿಂಗಾಲುಗಳನ್ನು ಎತ್ತಿ, ಕೈಗಾಡಿಯಂತೆ ಹಿಂದಕ್ಕೆ ನಡೆಯುವುದು. ನಾಯಿ ತಿರುಗಿ ಕಚ್ಚದಂತೆ ಸ್ವಲ್ಪ ವಾರೆಯಾಗಿ ಸುತ್ತುತ್ತಾ ಹೋಗಬೇಕು. ಅದು ಪಳಗಿದವರ ಕೆಲಸ, ಒಬ್ಬಂಟಿಯ ಕೆಲಸವಂತೂ ಅಲ್ಲ.

ಬಿಡಿಸಿದ ಮೇಲೆ ಮುಖ ಮುಖ ನೋಡದಂತೆ ಬೇರೆ ಬೇರೆ ಇಡಬೇಕು. ಹಲ್ಲಿನ ತೂತು ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಕೀವು ಕಟ್ಟುತ್ತದೆ, ಪಶುವೈದ್ಯರಿಗೆ ತೋರಿಸಬೇಕು. "ಬಿಡಿಸುವುದಕ್ಕಿಂತ ಬಾರದಂತೆ ನೋಡುವುದೇ ನಮ್ಮ ನಿಜವಾದ ಕೆಲಸ" ಎಂದಳು ಆಕೆ. ಬೇರೆ ಬೇರೆ ತಟ್ಟೆ, ದೂರ ದೂರ ಊಟ, ಎಲುಬು ಹಾಕಿದರೆ ಬಾಗಿಲು ಮುಚ್ಚಿ, ಸಂತಾನಹರಣ ಚಿಕಿತ್ಸೆ, ಹೊಸ ನಾಯಿಯನ್ನು ತಕ್ಷಣ ಗುಂಪಿಗೆ ಬಿಡದಿರುವುದು.

ಮನುಷ್ಯರಿಗೆ ಹಲ್ಲು ತಾಗಿದರೆ ಅರಿಶಿನ, ಸುಣ್ಣ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಕೇಳಿ ಪಡೆಯಿರಿ. ವೈದ್ಯರು ಹೇಳಿದ ಒಂದು ದಿನವನ್ನೂ ತಪ್ಪಿಸಬೇಡಿ. ರೇಬೀಸ್ ಬಂದ ಮೇಲೆ ಮದ್ದಿಲ್ಲ, ಬಾರದಂತೆ ಮದ್ದಿದೆ.

ಜ್ಞಾನೋಕ್ತಿ ಗ್ರಂಥದ 26ನೇ ಅಧ್ಯಾಯವು ಪರರ ಜಗಳಕ್ಕೆ ತಲೆಹಾಕುವವನನ್ನು ನಾಯಿಯ ಕಿವಿ ಹಿಡಿದವನಿಗೆ ಹೋಲಿಸುತ್ತದೆ. ಸೆಮಿನರಿಯಲ್ಲಿ ಅದನ್ನು ಓದಿ ನಕ್ಕಿದ್ದೆವು. ಹಾಗೆಂದು ಜಗಳವನ್ನು ನೋಡುತ್ತಾ ನಿಲ್ಲುವುದೂ ಧರ್ಮವಲ್ಲ. ಅಣ್ಣತಮ್ಮಂದಿರ ಜಗಳ ಗುರುನಿವಾಸಕ್ಕೆ ಬಂದಾಗ ನಾನು ಎಷ್ಟೋ ಸಲ ಅಂದೇ ಇಬ್ಬರ ಕೈ ಹಿಡಿದು ಕೂಡಿಸಲು ಹೋಗಿ ಕೆಡಿಸಿದ್ದೇನೆ. ಮೊದಲು ನಡುವೆ ಒಂದು ಹಲಗೆ, ಎರಡು ಬಾಗಿಲು, ಒಂದಿಷ್ಟು ಹೊತ್ತು, ಕೂಡಿಸುವುದು ಆಮೇಲೆ.

ಕತ್ತಲಾಗುವ ಮುನ್ನ ಬಂಡೀಪುರ ದಾಟಿದೆವು. ಆ ರಾತ್ರಿ, ಈಗ ತಿರುಪ್ಪೂರಿನಲ್ಲಿ ಕೆಲಸ ಮಾಡುವ ಆ ಹುಡುಗನಿಗೆ ಫೋನ್ ಮಾಡಿ, ಅಂದು ಹಾಗೆ ಕೂಗಿದ್ದು ನನ್ನ ತಪ್ಪು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಸಣ್ಣ ನಾಯಿ ಬದುಕಿತಾ ಸ್ವಾಮಿ? ಆಸ್ಪತ್ರೆಯಿಂದ ಬಂದ ಮೇಲೆ ಯಾರೂ ನನಗೆ ಹೇಳಲೇ ಇಲ್ಲ" ಎಂದು ಕೇಳಿದ.

ಬದುಕಿತ್ತು. ಹೇಳಿದೆ. ಮರುದಿನ ಒಂದು ಪ್ಲೈವುಡ್ ಹಲಗೆ ತಂದು ಅಡುಗೆಮನೆಯ ಬಾಗಿಲ ಹಿಂದೆ ಇಟ್ಟಿದ್ದೇನೆ.